ಚಿಕ್ಕಮ್ಮ ಚಾಚಿದ ಕೈ

೧

ಎಲ್ಲಿಂದ ಶುರು ಮಾಡುವುದು? ಹಳದಿ ಜ್ವರದಿಂದಲೇ ಎಂದು ಮೊದಲ ಡ್ರಾಫ್ಟ್ ಹೇಳುತ್ತಿತ್ತು. “೧೭೯೩ರ ಆಗಸ್ಟ್. ಫಿಲಡೆಲ್ಫಿಯಾದ ದಕ್ಕೆಯ ಮೇಲೆ ಕೊಳೆತ ಕಾಫಿಯ ನಾತ...” ಇಷ್ಟು ಬರೆದು ನಿಲ್ಲಿಸಿದೆ. ಹೆಣದ ಗಾಡಿ, ಹಳದಿ ತಿರುಗಿದ ಕಣ್ಣು, ಕಪ್ಪು ವಾಂತಿ, ಮುಚ್ಚಿದ ಅಂಗಡಿ, ಇವೆಲ್ಲ ಕರೆಯದೆಯೇ ಸಾಲುಗಟ್ಟಿ ಬರುತ್ತವೆ. ಪಿಡುಗಿನ ಕಥೆ ಬರೆಯುವವನಿಗೆ ಸಾಮಗ್ರಿಗೆ ಬರವಿಲ್ಲ. (ಸುಸ್ತಾಗುವುದೂ ಅದಕ್ಕೇ.)

ಎರಡನೆಯ ಡ್ರಾಫ್ಟ್ ಕೊನೆಯಿಂದ ಶುರುವಾಗುತ್ತಿತ್ತು. ಮೊದಲ ಹಿಮ ಬಿದ್ದಿದೆ, ಜ್ವರ ನಿಂತಿದೆ, ಊರು ಬಿಟ್ಟವರು ಮರಳುತ್ತಿದ್ದಾರೆ, ಹುಡುಗಿಯೊಬ್ಬಳು ಬದುಕಿದ್ದಾಳೆ. ಅದನ್ನೂ ಹರಿದೆ. “ಬದುಕಿದ್ದಾಳೆ” ಎಂದ ಕೂಡಲೇ ನೀವು ನಿಟ್ಟುಸಿರು ಬಿಟ್ಟು ಪುಟ ಮಗುಚುತ್ತೀರಿ. ಬದುಕಿದ ಮೇಲೆ ಅವಳೇನು ಮಾಡಬೇಕು ಎಂಬುದು ನಿಮಗೂ ಬೇಡ, ನನಗೂ ಗೊತ್ತಿಲ್ಲ.

ಹಾಗಾಗಿ ಒಂದು ಕೋಣೆಯಿಂದ. ಎರಡು ಕುರ್ಚಿ, ಎದುರುಬದುರು. ಒಂದರಲ್ಲಿ ಟೇಸಿ, ಹದಿನಾರರ ಹುಡುಗಿ, ಜ್ವರ ಬಂದು ಉಳಿದವಳು. ಇನ್ನೊಂದರಲ್ಲಿ ಅವಳ ಚಿಕ್ಕಮ್ಮ ಬ್ಯೂಲಾ, ಜ್ವರ ಬಂದವಳನ್ನು ಬಿಟ್ಟು ಊರಾಚೆಯ ಜರ್ಮನ್‌ಟೌನಿಗೆ ಹೋಗಿ ನಿನ್ನೆಯಷ್ಟೇ ಮರಳಿದವಳು. ಇಬ್ಬರೂ ಮಾತಾಡುತ್ತಿಲ್ಲ. ಜಗಳವಲ್ಲ, ಪ್ರಾರ್ಥನೆ. ಕ್ವೇಕರ್ ಪಂಥದವರ ಪ್ರಾರ್ಥನೆಯೇ ಹಾಗೆ. ಪಾದ್ರಿಯಿಲ್ಲ, ಹಾಡಿಲ್ಲ, ಸುಮ್ಮನೆ ಕೂರುವುದು. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಆಡಬಹುದು. ಕೊನೆಗೆ ಹಿರಿಯರು ಇನ್ನೊಬ್ಬರತ್ತ ಕೈ ಚಾಚುತ್ತಾರೆ, ಅವರು ಹಿಡಿದು ಕುಲುಕುತ್ತಾರೆ. ಅಲ್ಲಿಗೆ ಸಭೆ ಮುಗಿಯಿತು. ಕೈ ಕುಲುಕದೆ ಮುಗಿಯುವುದಿಲ್ಲ.

ಈ ಕಥೆಯಲ್ಲಿರುವುದು ಇದೊಂದೇ ಪ್ರಶ್ನೆ. ಚಿಕ್ಕಮ್ಮ ಕೈ ಚಾಚುವಳೇ? ಚಾಚಿದರೆ ಟೇಸಿ ಹಿಡಿಯುವಳೇ?

೨

ಊರಿಗೆ ಊರೇ ಕೈ ಮುಟ್ಟುವುದನ್ನು ಬಿಟ್ಟಿತ್ತು. ಗೆಳೆಯರು ಎದುರಾದರೆ ತಲೆಯಾಡಿಸಿ ದಾಟುತ್ತಿದ್ದರು. ಮನೆಗಳ ಗಾಳಿ ತಾಕದಿರಲೆಂದು ಬೀದಿಯ ನಟ್ಟನಡುವೆ ನಡೆಯುತ್ತಿದ್ದರು. ಮೂಗಿಗೆ ವಿನೆಗರ್ ಬಟ್ಟೆ, ಜೇಬಿನಲ್ಲಿ ಬೆಳ್ಳುಳ್ಳಿ. ಗಾಳಿ ಶುದ್ಧವಾಗಲೆಂದು ಕೆಲವರು ಕಿಟಕಿಯಿಂದ ಕೋವಿ ಹಾರಿಸಿದರು. (ಇದನ್ನು ಬರೆದು ನಗಬೇಕೆಂದುಕೊಂಡೆ. ಬರಲಿಲ್ಲ. ನೀವೂ ನಾನೂ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದವರೇ.)

೩

ಟೇಸಿಗೆ ಜ್ವರ ಬಂದದ್ದು ಸೆಪ್ಟೆಂಬರಿನಲ್ಲಿ. ತಂದೆತಾಯಿ ಇಲ್ಲದ ಅವಳನ್ನು ಸಾಕಿದವಳು ಬ್ಯೂಲಾ. ತಮ್ಮ ಪಂಥದ ಹೆಂಗಸರಿಗೆ ಸಾದಾ ಟೋಪಿ ಹೊಲಿದುಕೊಡುವುದು ಅವಳ ಕಸುಬು.

“ತಲೆ ನೋವಾ?” ಚಿಕ್ಕಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

“ಸೊಂಟಾನೂ ನೋಯ್ತಿದೆ.”

“ನಾಲಿಗೆ ತೋರ್ಸು. ಅಲ್ಲಿಂದ್ಲೇ, ಅಲ್ಲಿಂದ್ಲೇ! ಎದ್ದು ಬರ್ಬೇಡ.”

“ನೀರು ಬೇಕು ಚಿಕ್ಕಮ್ಮ.”

“ಇಟ್ಟಿದೀನಿ. ಹೊಸಿಲ ಹತ್ರ.”

ಹೊಸಿಲಿನ ತನಕ ತೆವಳಿಕೊಂಡು ಹೋಗುವಷ್ಟರಲ್ಲಿ ಮೆಟ್ಟಿಲು ಇಳಿದ ಸದ್ದು, ಆಮೇಲೆ ಗಾಡಿ ಹೊರಟ ಸದ್ದು.

ಇಷ್ಟು ಬರೆದು, ಅವಳ ಬಾಯಿಗೆ ಇನ್ನೊಂದು ಕಠೋರ ಮಾತು ಹಾಕೋಣವೆಂದು ಯೋಚಿಸುತ್ತಿದ್ದೆ. ಬ್ಯೂಲಾ ತಡೆದಳು.

“ಸಾಕು. ನನ್ನನ್ನ ಇನ್ನೆಷ್ಟು ಕೆಟ್ಟವಳನ್ನಾಗಿ ಮಾಡಿದ್ರೆ ನಿನಗೆ ಸಮಾಧಾನ?”

(ಏಕವಚನಕ್ಕೆ ನನಗೆ ಬೇಸರವಿಲ್ಲ. ಅವರ ಜನ ದೊರೆಗೂ ನೀನು ಎನ್ನುವವರು.)

“ಬಿಟ್ಟು ಹೋದದ್ದು ಸುಳ್ಳೇ?”

“ಸುಳ್ಳು ಅಂತ ಯಾರಂದ್ರು? ಗಂಡನ್ನ ಮಣ್ಣು ಮಾಡಿ ಬಂದಿದ್ದೆ. ಅವನು ವಾಂತಿ ಮಾಡಿದ್ದು ಒರೆಸಿದವಳು ನಾನೇ. ಇನ್ನೊಂದು ಸಲ ಆ ಹಳದಿ ಕಣ್ಣು ನೋಡೋಕೆ ನನ್ನ ಕೈಲಾಗ್ಲಿಲ್ಲ. ಹೋಗೋ ಮುಂಚೆ ಇವಳನ್ನ ನೋಡ್ಕೋ ಅಂತ ಸಾರು ಮಾರೋ ಡೈನಾಗೆ ಹೇಳಿ ಹೋದೆ. ಅದನ್ನೂ ಬರಿ.”

ಬರೆದಿದ್ದೇನೆ. ಕೆಟ್ಟವಳೊಬ್ಬಳು ಕೈತಪ್ಪಿ ಹೋದಳು, ಕಥೆ ಇನ್ನಷ್ಟು ಕಷ್ಟವಾಯಿತು.

೪

ಡೈನಾ ಮಾರುಕಟ್ಟೆಯ ಮೂಲೆಯಲ್ಲಿ ಮೆಣಸಿನ ಸಾರು ಮಾರುತ್ತಿದ್ದ ಕಪ್ಪು ಹೆಂಗಸು. ಮಾರುಕಟ್ಟೆ ಬರಿದಾದ ಮೇಲೆ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಕಪ್ಪು ಜನಕ್ಕೆ ಈ ಜ್ವರ ತಾಕುವುದಿಲ್ಲವೆಂದು ಆಗ ಊರೆಲ್ಲ ನಂಬಿತ್ತು. ಬಿಳಿಯರು ಓಡಿಹೋದ ಮನೆಗಳಿಗೆಲ್ಲ ಇವರೇ ಬೇಕಾದರು.

ಒಳಗೆ ಬಂದವಳೇ ಬರಿಗೈಯನ್ನು ಟೇಸಿಯ ಹಣೆಯ ಮೇಲಿಟ್ಟಳು.

“ನೀನು ವಿನೆಗರ್ ಬಟ್ಟೆ ಕಟ್ಕೊಂಡಿಲ್ವಲ್ಲ,” ಎಂದಳು ಟೇಸಿ.

“ವಿನೆಗರ್ ಸೌತೆಕಾಯಿಗೆ ಹಾಕೋದು ಮಗಾ.”

“ಹೆದರಿಕೆ ಆಗಲ್ವಾ?”

“ನಮಗೆ ಬರಲ್ಲ ಅಂತ ಪೇಪರಲ್ಲಿ ಹಾಕಿದಾರಂತೆ. ಜ್ವರಕ್ಕೆ ಓದೋಕೆ ಬರತ್ತೋ ಇಲ್ವೋ, ಅದನ್ನ ಮಾತ್ರ ಯಾರೂ ಹೇಳ್ಲಿಲ್ಲ. ಬಾಯಿ ತೆಗಿ.”

“ಅಯ್ಯೋ, ಉರಿ!”

“ಉರಿದ್ರೆ ಬದುಕಿದೀಯ ಅಂತ. ನುಂಗು. ಬೇಯಿಸಿದ ಮೆಕ್ಕೆಜೋಳದ ಹಿಟ್ಟು ತಿಂದೂ ತಿಂದೂ ನಿಮ್ಮ ಜನಕ್ಕೆ ನಾಲಿಗೇನೇ ಸತ್ತೋಗಿದೆ.”

ಆಮೇಲಿನ ದಿನಗಳು ಟೇಸಿಗೆ ನೆನಪಿಲ್ಲ. ನೆನಪಿರುವುದು ಒಂದು ಕೈ ಮಾತ್ರ. ಒರಟು ಕೈ, ಮೆಣಸಿನ ವಾಸನೆಯದು. ಬೆನ್ನ ಹಿಂದೆ ಆನಿಸಿ ಅವಳನ್ನು ಎತ್ತಿ ಕೂರಿಸುತ್ತಿತ್ತು, ಬೈಯುತ್ತಲೇ ಮುಖ ಒರೆಸುತ್ತಿತ್ತು. ಒಂದು ಬೆಳಿಗ್ಗೆ ಜ್ವರ ಇಳಿದಿತ್ತು.

೫

ಡೈನಾ ಆ ಮನೆಯ ಅಡುಗೆಕೋಣೆಯಲ್ಲೇ ಜ್ವರ ಬಂದು ಬಿದ್ದಳು. ಟೇಸಿ ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದಳು.

“ಅಲ್ಲೇ ನಿಲ್ಲು!” ಡೈನಾ ಕೂಗಿದಳು. ದನಿ ಇನ್ನೂ ಮಾರುಕಟ್ಟೆಯದೇ. “ಮುಟ್ಬೇಡ ನನ್ನ. ಇಷ್ಟು ದಿನ ನಿನ್ನ ಹಿಂದೆ ಸತ್ತಿದ್ದು ದಂಡ ಮಾಡ್ಬೇಡ.”

“ನೀರು ಕೊಡ್ಲಾ?”

“ಅಲ್ಲೇ ಇಟ್ಟು ಹೋಗು.”

ಟೇಸಿ ನೀರನ್ನು ಹೊಸಿಲ ಹತ್ತಿರ ಇಟ್ಟಳು.

ಇಲ್ಲಿ ನನಗೆ ತಡೆಯಲಾಗಲಿಲ್ಲ. ಕಥೆಯೊಳಗೆ ನುಗ್ಗಿ ಅವಳಿಗೆ ಹೇಳಿದೆ. “ಒಳಗೆ ಹೋಗು, ಅವಳ ಕೈ ಹಿಡಿ. ಇದು ಮುಟ್ಟಿದರೆ ಬರುವ ಜ್ವರವಲ್ಲ, ಸೊಳ್ಳೆಯಿಂದ ಬರುವುದು. ಅದೂ ಅಲ್ಲದೆ ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ.”

“ಯಾರು ಹೇಳಿದ್ದು?”

“ಇನ್ನೂ ನೂರು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ.”

“ನೂರು ವರ್ಷ ಆದ್ಮೇಲೆ ಗೊತ್ತಾಗೋದನ್ನ ಈ ಹೊಸಿಲ ಹತ್ರ ನಿಂತು ನಾನು ಹೇಗೆ ತಿಳ್ಕೊಳ್ಲಿ?” ವಿನೆಗರ್ ಬಟ್ಟೆಯ ಹಿಂದಿನಿಂದ ಅವಳ ದನಿ ಮಂದವಾಗಿತ್ತು. ಹೌದು, ಅವಳೂ ಕಟ್ಟಿಕೊಂಡಿದ್ದಳು. “ನಾನು ಬಾಗಿಲಲ್ಲಿ ನಿಂತಿದ್ದೆ. ಹಾಗೇ ಬರಿ.”

೫ (ಹರಿದು ಹಾಕಿದ್ದು)

ಡೈನಾ ಬದುಕುತ್ತಾಳೆ. ಬರೆಯುವವನು ನಾನು ತಾನೆ? ಮುಪ್ಪಿನ ತನಕ ಸಾರು ಮಾರುತ್ತಾಳೆ. ಟೇಸಿ ಕಂಡಾಗಲೆಲ್ಲ ಮುಗುಳ್ನಕ್ಕು ತಲೆ ಸವರುತ್ತಾಳೆ.

ಟೇಸಿ ಇದನ್ನು ಕೊನೆಯ ತನಕ ಓದಿದಳು.

“ಇವಳು ಯಾರು?”

“ಡೈನಾ.”

“ಅಲ್ಲ. ಇವಳು ಒಂದ್ಸಲಾನೂ ಬೈಯಲ್ಲ.”

೬

ಹಾಗಾಗಿ ಡೈನಾ ಸತ್ತಳು. ಆ ಪ್ಯಾರಾ ನಾನು ಬರೆಯುವುದಿಲ್ಲ. ಅಡುಗೆಕೋಣೆಯಲ್ಲಿ ಉಸಿರು ನಿಂತದ್ದು ಬಾಗಿಲಲ್ಲಿ ನಿಂತವಳಿಗೆ ಎಷ್ಟು ಹೊತ್ತಿಗೆ ತಿಳಿಯಿತು ಎಂಬುದು ಅವಳಿಗೆ ಮಾತ್ರ ಗೊತ್ತು. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

೭

ಈಗ ಕ್ಲೈಮ್ಯಾಕ್ಸ್. ಮೂರು ಬಗೆಯದನ್ನು ಇಟ್ಟುಕೊಂಡಿದ್ದೆ.

ಅ. ಚಿಕ್ಕಮ್ಮ ಕೈ ಚಾಚುವುದಿಲ್ಲ. ಭಯ ಇನ್ನೂ ಹೋಗಿಲ್ಲ. (“ಜರ್ಮನ್‌ಟೌನಿಂದ ನಡಕೊಂಡು ಬಂದದ್ದು ಮತ್ತೆ ಯಾಕೆ ಅಂತ?” ಎಂದಳು ಬ್ಯೂಲಾ. ಹೊಡೆದು ಹಾಕಿದೆ.)

ಆ. ಚಾಚುತ್ತಾಳೆ, ಟೇಸಿ ಹಿಡಿಯುತ್ತಾಳೆ, ಇಬ್ಬರೂ ಅಳುತ್ತಾರೆ. (ನಿಮಗೆ ಇದೇ ಇಷ್ಟವಾಗುತ್ತದೆಂದು ಗೊತ್ತು. ನನಗೂ ಸುಸ್ತಾಗಿದೆ. ಇದಾದರೆ ಬೇಗ ಎದ್ದು ಹೋಗಬಹುದಿತ್ತು.)

ಇ. ಚಾಚುತ್ತಾಳೆ, ಟೇಸಿ ಮುಖ ತಿರುಗಿಸುತ್ತಾಳೆ, ಸೇಡು ತೀರಿತು. ಇದನ್ನು ಟೇಸಿಗೆ ತೋರಿಸಲು ನನಗೇ ನಾಚಿಕೆಯಾಯಿತು. ಬಾಗಿಲಲ್ಲಿ ನಿಂತವಳು ಬಾಗಿಲಲ್ಲಿ ನಿಂತವಳ ಮೇಲೆ ಯಾವ ಸೇಡು ತೀರಿಸಿಕೊಳ್ಳುವುದು?

೮

ಕೋಣೆಗೆ ಮರಳೋಣ. ಹೊರಗೆ ಅಂಗಡಿಯವರು ಕದ ತೆಗೆಯುತ್ತಿದ್ದಾರೆ. ಯಾರೋ ಯಾರಿಗೋ “ಏನಯ್ಯಾ, ಇನ್ನೂ ಇದೀಯಾ ನೀನು?” ಎಂದು ಕೂಗಿ ಜೋರಾಗಿ ನಕ್ಕರು. ಒಳಗೆ ಮೌನ.

ಬ್ಯೂಲಾ ಕೈ ಚಾಚಿದಳು. ಬರಿಗೈ. ಬಟ್ಟೆಯಿಲ್ಲ, ವಿನೆಗರ್ ಇಲ್ಲ. ಬೆರಳ ತುದಿಗಳು ಸೂಜಿ ಚುಚ್ಚಿ ಗಡುಸಾಗಿದ್ದವು. ಮೈ ಮಾತ್ರ ಕುರ್ಚಿಯ ಬೆನ್ನಿಗೆ ಒತ್ತಿಕೊಂಡಿತ್ತು. ಇನ್ನೂ ಹೆದರುತ್ತಿದ್ದಾಳೆ ಎಂದು ಟೇಸಿಗೆ ಕಂಡಿತು. ಹೆದರಿಕೊಂಡೇ ಚಾಚಿದ್ದಾಳೆ.

ಟೇಸಿ ಎದ್ದು ನಿಂತಳು. ಕೈ ಹಿಡಿಯಲಿಕ್ಕಲ್ಲ. ಒಳಗಿನಿಂದ ಮಾತು ಬಂದಿತ್ತು.

“ಡೈನಾ ಅಡುಗೆಕೋಣೇಲಿ ಸತ್ಳು. ನೀರು ಹೊಸಿಲ ಹತ್ರ ಇಟ್ಟಿದ್ದೆ. ಅಲ್ಲಿ ತನಕ ಬರೋಕೆ ಅವಳ ಕೈಲಾಗ್ಲಿಲ್ಲ. ನಾನು ಒಳಗೆ ಹೋಗ್ಲಿಲ್ಲ.”

ಕೂತಳು.

ಸಭೆಯಲ್ಲಿ ಒಬ್ಬರು ಆಡಿದ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವ ಹಾಗಿಲ್ಲ. ನಿನ್ನ ತಪ್ಪಲ್ಲ ಎನ್ನುವ ಹಾಗಿಲ್ಲ, ನನ್ನದೇ ತಪ್ಪು ಎನ್ನುವ ಹಾಗೂ ಇಲ್ಲ. ಬಂದ ಮಾತು ಮೌನದಲ್ಲಿ ಇಳಿಯಬೇಕು. ಬ್ಯೂಲಾಳ ಚಾಚಿದ ಕೈ ಹಾಗೇ ಇತ್ತು. ಬಹಳ ಹೊತ್ತು ಹಾಗೇ ಇತ್ತು.

“ಟೇಸಿ,” ಎಂದಳು ಕಡೆಗೆ, ನಿಯಮ ಮೀರಿ. “ತೋಳು ಸೋಲ್ತಿದೆ.”

“ಗೊತ್ತು ಚಿಕ್ಕಮ್ಮ.”

“ಮುಗಿಸೋಣವಾ?”

ಟೇಸಿ ಆ ಕೈಯನ್ನು ನೋಡಿದಳು. ಹಿಡಿದರೆ ಏಳಬೇಕು, ಕುರ್ಚಿ ಗೋಡೆಗೆ ಸರಿಸಬೇಕು, ಒಲೆ ಹಚ್ಚಬೇಕು. ಅಡುಗೆಕೋಣೆ ಮತ್ತೆ ಬರೀ ಅಡುಗೆಕೋಣೆ ಆಗಬೇಕು.

“ಇನ್ನೂ ಇಲ್ಲ.”

ಬ್ಯೂಲಾ ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. ತನ್ನ ಮಂಡಿಯ ಮೇಲೆ ಇಳಿಸಿ ಅಂಗೈ ಮೇಲಾಗಿಯೇ ಇಟ್ಟುಕೊಂಡಳು. ಟೇಸಿ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು.

ಹಾಗಾದರೆ ಯಾವಾಗ ಎಂದು ನಾನು ಕೇಳಿದೆ. ಇಬ್ಬರೂ ನನ್ನತ್ತ ತಿರುಗಲಿಲ್ಲ. ನಾನೂ ಒಂದು ಕುರ್ಚಿ ಹುಡುಕಿಕೊಂಡು ಕೂತಿದ್ದೇನೆ.

ನಿಮಗೆ ಕೆಲಸಗಳಿರಬಹುದು, ಹೊರಡಿ. ಬಾಗಿಲು ಮಾತ್ರ ಸದ್ದಾಗದ ಹಾಗೆ ಎಳೆದುಕೊಳ್ಳಿ. ಒಳಗೆ ಸಭೆ ನಡೆಯುತ್ತಿದೆ.