ಒಂದು ಮೊಳದ ಕಂಪ್ಯೂಟರ್

ಪುಣೆ–ಬೆಂಗಳೂರು ಹೆದ್ದಾರಿಯನ್ನು ಅಳೆದದ್ದು ನನ್ನ ಈ ಬಲಗೈ. ನಗುವವರು ನಗಲಿ. ರಸ್ತೆ ಅಗಲ ಮಾಡುವಾಗ ದೊಡ್ಡ ಎಂಜಿನಿಯರೊಬ್ಬರು ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡು ಎರಡು ದಿನ ತಲೆ ಕೆರೆದುಕೊಂಡರು, ಲೆಕ್ಕ ಕೂಡಲಿಲ್ಲ. ಮೂರನೆಯ ದಿನ ಅವರ ಜೀಪು ಸೀದಾ ಶಿಗ್ಗಾಂವ ಬಸ್‌ಸ್ಟ್ಯಾಂಡಿನ ಮುಂದಿರುವ ನನ್ನ ಹೂವಿನ ಅಂಗಡಿಗೆ ಬಂತು. ಮೊಣಕೈ ಊರಿ ಮೊಳ ಹಾಕುತ್ತ ಹೊರಟೆ ನೋಡಿ, ಬಂಕಾಪುರದಲ್ಲಿ ಒಮ್ಮೆ ಚಹಾ ಕುಡಿದದ್ದು ಬಿಟ್ಟರೆ ಎಲ್ಲೂ ನಿಲ್ಲದೆ ಸಂಜೆಯೊಳಗೆ ಹಾವೇರಿ ಮುಟ್ಟಿದ್ದೆ. ಯಂತ್ರದ ಅಳತೆಗೂ ನನ್ನ ಅಳತೆಗೂ ಸಾಸಿವೆ ಕಾಳಿನಷ್ಟು ವ್ಯತ್ಯಾಸ ಬಂತು. ತಪ್ಪು ಯಂತ್ರದ್ದು.

ಇಂಥ ಕೈ ಇದ್ದವನು ಮನೆಯಲ್ಲಿ ಟೇಪು ಇಟ್ಟುಕೊಳ್ಳುತ್ತಾನೆಯೇ? ಫಕ್ಕೀರಪ್ಪ ಹೂಗಾರನ ಮನೆಯಲ್ಲಿ ಚಾಪೆಯಿಂದ ಬಟ್ಟೆ ಒಣಹಾಕುವ ಹಗ್ಗದವರೆಗೆ ಎಲ್ಲವೂ ಮೊಳದ ಲೆಕ್ಕ. ಹೆಂಡತಿ ಶೈಲಶ್ರೀಗೆ ಕಂಪ್ಯೂಟರ್ ಬೇಕಾದಾಗಲೂ ನಾನು ಮೊಳವನ್ನೇ ಹಾಕಿದೆ.

ಶೈಲಶ್ರೀ ಒಂಬತ್ತು ವರ್ಷ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡಿ ಪುಟ ಕಟ್ಟಿದವಳು. ಪ್ರೆಸ್ ಮುಚ್ಚಿತು. ಅಷ್ಟರಲ್ಲಿ ದುಂಡಸಿ ಕಡೆಯ ಹೈಸ್ಕೂಲಿನವರು ತಮ್ಮ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯನ್ನು ನೀವೇ ಮಾಡಿಕೊಡಿ ಎಂದು ಹಸ್ತಪ್ರತಿಯ ಕಟ್ಟು ತಂದಿಟ್ಟರು. ಅದು ಅವಳ ಸ್ವಂತ ಹೆಸರಿನ ಮೊದಲ ಕೆಲಸ. ಸೋಮವಾರ ಶುರುವಾಗದಿದ್ದರೆ ಕಟ್ಟು ಹುಬ್ಬಳ್ಳಿಯ ಪ್ರೆಸ್ಸಿಗೆ ಹೋಗುತ್ತದೆ ಎಂದೂ ಹೇಳಿ ಹೋಗಿದ್ದರು.

ಕಂಪ್ಯೂಟರ್ ಇಡುವುದೆಲ್ಲಿ? ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಹೂವಿನವರ ಮನೆ ಎಂದರೆ ನೀರಿನ ಮನೆ. ನೆಲದ ಮೇಲೆ ಒದ್ದೆ ಗೋಣಿತಟ್ಟು, ಮೇಜಿನ ಮೇಲೆ ಒದ್ದೆ ಸೇವಂತಿಗೆ, ಕುರ್ಚಿಯ ಮೇಲೆ ಒದ್ದೆ ಬಾಳೆನಾರು. ಒಣಗಿದ ಜಾಗ ಒಂದೇ, ನಡುಮನೆಯ ದಪ್ಪ ಗೋಡೆಯೊಳಗಿನ ಹಳೆಯ ಗೂಡು. ಮಾನಿಟರನ್ನು ಗೋಡೆಗೆ ತೂಗುಹಾಕಬಹುದು. ಮೆಷಿನ್ ಮಾತ್ರ ಆ ಗೂಡಿನೊಳಗೇ ಕೂರಬೇಕು.

"ಬಡಿಗ್ಯಾರ ಕಡೆ ಟೇಪ್ ಇಸ್ಕೊಂಡು ಬಂದು ಅಳೀರಿ," ಎಂದಳು ಶೈಲಶ್ರೀ.

"ಹೆದ್ದಾರಿ ಅಳದ ಕೈ ಇದು."

"ಹೆದ್ದಾರ್ಯಾಗ ನಾ ಕಂಪ್ಯೂಟರ್ ಇಡಾಂಗಿಲ್ಲರಿ. ಗೂಡಿನ್ಯಾಗ ಇಡಾಕಿ."

ನಾನು ಮೊಳ ಹಾಕಿದೆ. ಅಗಲ ಕರಾರುವಾಕ್ಕಾಗಿ ಒಂದು ಮೊಳ. ಮೊಳ ಎಂದರೆ ಹದಿನೆಂಟು ಇಂಚು ಎಂಬುದು ಎಲ್ಲರಿಗೂ ಗೊತ್ತು.

ಮುನವ್ವರಾಳ ಕಂಪ್ಯೂಟರ್ ಅಂಗಡಿ ನನ್ನ ಅಂಗಡಿಯಿಂದ ನಾಲ್ಕು ಹೆಜ್ಜೆ. ಪ್ರತಿ ಗುರುವಾರ ಹುಲಗೂರಿನ ದರ್ಗಾಕ್ಕೆ ಅವಳು ಹೂ ಒಯ್ಯುವುದು ನನ್ನಲ್ಲೇ. ನಾನು ಹೋದವನೇ ಗಾಜಿನ ಕಪಾಟಿನಲ್ಲಿ ಬಣ್ಣಬಣ್ಣದ ದೀಪ ಉರಿಸುತ್ತಿದ್ದ, ಮೂರು ಫ್ಯಾನಿನ ಒಂದು ಇಟ್ಟಂಗಿಗೆ ಬೆರಳು ತೋರಿಸಿದೆ.

"ಅದು ಗ್ರಾಫಿಕ್ಸ್ ಕಾರ್ಡ್ ಫಕ್ಕೀರಪ್ಪಣ್ಣ. ಅಕ್ಕಾರು ಏನ್ ಕೆಲಸ ಮಾಡ್ತಾರು?"

"ಲಗ್ನಪತ್ರಿಕಿ. ಸಂಚಿಕಿ."

"ಲಗ್ನಪತ್ರಿಕ್ಯಾಗ ಗಣಪ್ಪ ಸುಮ್ನ ಕುಂತಿರ್ತಾನ. ಓಡ್ಯಾಡಿ ಗುಂಡು ಹಾರಸಂಗಿಲ್ಲ. ಅದು ಬ್ಯಾಡ."

ಚಿತ್ರ ಮೂಡಿಸುವ ಭಾಗ ಪ್ರೊಸೆಸರಿನೊಳಗೇ ಕೂಡಿ ಬರುತ್ತದೆ, ಮನೆಯ ಸಣ್ಣ ಮೆಷಿನ್ನಿಗೆ ಅಷ್ಟು ಸಾಕು, ಬಿಸಿಯೂ ಕಡಿಮೆ ಎಂದಳು. ನನಗೆ ಹುಟ್ಟುವಾಗಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿ, ಅವಳ ಮುಂದಿದ್ದ ಎರಡು ಪೆಟ್ಟಿಗೆಗಳಲ್ಲಿ ಅಗ್ಗದ್ದನ್ನು ಎತ್ತಿಕೊಂಡೆ.

"ಈ ಪ್ರೊಸೆಸರ್ ಹಾಕು. ಇದರ ಬಗ್ಗೆ ಓದೇನಿ."

"ಏನ್ ಓದೀರಿ?"

"ಎಲ್ಲಾ."

"ಅದರಾಗ ಚಿತ್ರದ ಭಾಗನ ಇಲ್ಲರಿ. ಅದಕ್ಕ ಅಗ್ಗ. ಅದನ್ನ ಹಾಕಿದ್ರ ಅಕ್ಕಾರು ಕರಿ ಗಾಜು ನೋಡ್ಕೋತ ಕುಂದರಬೇಕು."

"ಅದನ್ನೂ ಓದೇನಿ," ಎಂದು ಪೆಟ್ಟಿಗೆ ಕೆಳಗಿಟ್ಟೆ.

ಆಮೇಲೆ ಮೆಮೊರಿ. ಒಳಗೇ ಕೂಡಿ ಬಂದ ಈ ಚಿತ್ರಗಾರನಿಗೆ ಸ್ವಂತ ಮೆಮೊರಿ ಇರುವುದಿಲ್ಲವಂತೆ, ಮೆಷಿನ್ನಿನದರಲ್ಲೇ ಪಾಲು ಕೇಳುತ್ತಾನಂತೆ. ಅದಕ್ಕೆ ಹದಿನಾರು ಜಿಬಿಯ ಒಂದೇ ಪಟ್ಟಿಯ ಬದಲು ಎಂಟರ ಎರಡು ತೆಗೆದಿಟ್ಟಳು. ಎರಡು ದಾರಿಯಾದರೆ ಓಡಾಟ ಚುರುಕು.

"ಎರಡೆಳಿ ದಾರದಾಗ ಮಾಲಿ ಕಟ್ಟಿದಂಗ," ಎಂದೆ.

"ಹಾಂ. ಇದೊಂದು ಖರೇ ಹೇಳಿದ್ರಿ."

ಆ ಸಂತೋಷದಲ್ಲಿ ಮದರ್‌ಬೋರ್ಡು, ಗಿಡ್ಡ ಫ್ಯಾನು, ಎಸ್‌ಎಸ್‌ಡಿ ಎಲ್ಲಕ್ಕೂ ಓದೇನಿ, ಓದೇನಿ ಎನ್ನುತ್ತ ಹೋದೆ. ಕೊನೆಗೆ ಉಳಿದದ್ದು ಹೊರಗಿನ ಡಬ್ಬಿ.

"ಗೂಡು ಎಷ್ಟು ಅಗಲ ಐತ್ರಿ?"

"ಒಂದು ಮೊಳ."

"ಇಂಚಿನ್ಯಾಗ?"

"ಮೊಳ ಅಂದ್ರ ಮೊಳ ತಂಗಿ. ನಾನ ಸ್ವತಾ ಹಾಕೇನಿ."

"ನಿಮ್ಮ ಕೈಲೆ?"

"ಮತ್ಯಾರ ಕೈಲೆ?"

ಅವಳು ನನ್ನ ಬಲಗೈಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ನೋಡಿ, ಚೀಟಿಯಲ್ಲಿ ಏನೋ ಬರೆದುಕೊಂಡಳು. ಇಂಥ ಕೈ ನೋಡಿದರೆ ಯಾರಿಗಾದರೂ ಗೌರವ ಬರುವುದೇ ಎಂದುಕೊಂಡೆ. ಭಾನುವಾರ ಮುಂಜಾನೆ ಜೋಡಿಸಿಕೊಂಡು ಮನೆಗೇ ತರುತ್ತೇನೆ ಎಂದಳು.

ಭಾನುವಾರ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಶೈಲಶ್ರೀ ಪಕ್ಕದ ಮನೆಯ ಟೇಪು ಹಿಡಿದು ಗೂಡಿನ ಮುಂದೆ ನಿಂತಿದ್ದಳು.

"ಹದಿನಾಲ್ಕೂವರಿ," ಎಂದಳು. "ಮೊಳ ಅಂದ್ರ ಹದಿನೆಂಟು ಅಲ್ಲೇನ್ರಿ?"

"ಹಳೇ ಗ್ವಾಡಿ. ಚಳಿಗೆ ಕುಗ್ಗಿರತೈತಿ."

"ಮೂರೂವರಿ ಇಂಚು?"

"ಈ ಸಲ ಚಳಿ ಭಾಳ."

ಅವಳು ನಗಲಿಲ್ಲ. ಕುರ್ಚಿಯ ಮೇಲಿನ ನಾರು ಸರಿಸಿ ಕುಳಿತು, ಹೈಸ್ಕೂಲಿನವರ ಹಸ್ತಪ್ರತಿಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. "ಮುನವ್ವರಾ ಹದಿನೆಂಟಿನ ಲೆಕ್ಕಕ್ಕ ಡಬ್ಬಿ ತರ್ತಾಳ," ಎಂದಳು. "ಒಳಗಿನ ಬೋರ್ಡೂ ಅದ ಅಳತೀದು ಇರತೈತಿ. ಬದಲಿ ಮಾಡಿ ತರಾಕ ಹುಬ್ಬಳ್ಳಿಗೇ ಹೋಗಬೇಕು. ನಾಳೆ ಸೋಮವಾರ." ಬಿಚ್ಚಿದ್ದ ದಾರವನ್ನು ಕಟ್ಟಿಗೆ ಮತ್ತೆ ಸುತ್ತಿ, ವಾಪಸು ಕೊಡುವುದಕ್ಕೆಂಬಂತೆ ಗಂಟು ಹಾಕಿದಳು.

ಆ ಗಂಟು ನನ್ನಿಂದ ನೋಡಲಾಗಲಿಲ್ಲ. ಉಳಿ, ಸುತ್ತಿಗೆ ತೆಗೆದುಕೊಂಡು ಗೂಡನ್ನು ಅಗಲ ಮಾಡಲು ಇಳಿದೆ. ಎರಡು ಏಟಿಗೆ ಒಂದು ಬೊಗಸೆ ಮಣ್ಣು ಬಿತ್ತು. ಮೂರನೆಯ ಏಟಿಗೆ ಮನೆಯ ಒಡತಿ ಪದ್ಮಾಬಾಯಿ ಬಂದರು. ದೇವರ ಪೂಜೆಗೆಂದು ದಿನಾ ನನ್ನಿಂದ ಮೂರು ಮೊಳ ಹೂ ಕೊಳ್ಳುವವರು. ಮಡಿಯಲ್ಲಿದ್ದುದರಿಂದ ಹೊಸ್ತಿಲಾಚೆಯೇ ನಿಂತರು.

"ಫಕ್ಕೀರಪ್ಪ, ನಮ್ಮ ಅಜ್ಜ ಕಟ್ಟಿಸಿದ ಗ್ವಾಡಿ ಅದು. ಇರಲಿಕ್ಕೆ ಕೊಟ್ಟೇನಿ, ಕೆಡವಲಿಕ್ಕೆ ಅಲ್ಲ."

"ಗೂಡು ಸಣ್ಣದಾಗೇತ್ರಿ ಬಾಯಾರ."

"ಎಂಬತ್ತು ವರ್ಷ ಆಗಲಾರದ್ದು ಇವತ್ತ ಹೆಂಗ ಆತು?"

ಅಷ್ಟರಲ್ಲಿ ಮುನವ್ವರಾ ರಟ್ಟಿನ ಪೆಟ್ಟಿಗೆ ಹೊತ್ತು ಒಳಗೆ ಬಂದಳು. ನನ್ನ ಕೈಯ ಉಳಿಯನ್ನೂ ಬಿದ್ದ ಮಣ್ಣನ್ನೂ ನೋಡಿದಳು. ಗೂಡನ್ನು ಒರೆಸಿ, ಕಪ್ಪು ಡಬ್ಬಿಯನ್ನು ಎತ್ತಿ ಒಳಗೆ ಸರಿಸಿದಳು. ಅದು ಹೋಯಿತು. ಎಡಕ್ಕೂ ಬಲಕ್ಕೂ ಬೆರಳಾಡುವಷ್ಟು ಜಾಗ ಬಿಟ್ಟು, ಅಲ್ಲೇ ಹುಟ್ಟಿ ಬೆಳೆದದ್ದರಂತೆ ಕುಳಿತಿತು. ವೈರು ಸಿಕ್ಕಿಸಿದಳು. ಶೈಲಶ್ರೀ ಗುಂಡಿ ಒತ್ತಿದಳು, ಮಾನಿಟರ್ ಬೆಳಗಿತು. ಅವಳು ಆ ಗಂಟನ್ನು ಹಲ್ಲಿನಿಂದಲೇ ಬಿಚ್ಚಿದಳು.

ನನಗೆ ಉಸಿರು ಬಂತು. ಉಸಿರಿನ ಹಿಂದೆಯೇ ಬಾಯಿಯೂ ಬಂತು. "ನೋಡಿದಿರೇನು? ಒಂದು ಮೊಳ ಅಂದಿದ್ದೆ. ಕೂದಲೆಳಿ ಆಚೀಚೆ ಆಗಿಲ್ಲ."

"ಡಬ್ಬಿ ಹನ್ನೆರಡೂವರಿ ಇಂಚು ಐತಿ ಅಣ್ಣಾ," ಎಂದಳು ಮುನವ್ವರಾ. "ಗಾಳಿಗೆ ಅಂತ ಆಚೀಚೆ ಒಂದೊಂದು ಇಂಚು ಬಿಟ್ಟೇನಿ."

ಶೈಲಶ್ರೀ ತಿರುಗಿ ನೋಡಿದಳು. "ಗೂಡು ಹದಿನಾಲ್ಕೂವರಿ ಅಂತ ನಿನಗ ಯಾರು ಹೇಳಿದ್ರು?"

"ಇವರ ಹೇಳಿದ್ರಲ್ರಿ ಅಕ್ಕಾರ, ಒಂದು ಮೊಳ ಅಂತ. ಏಳು ವರ್ಷದಿಂದ ಇವರ ಕಡೆ ಹೂವು ಒಯ್ಯಾಕತ್ತೇನಿ. ಮದಲ ವರ್ಷನ ಮನ್ಯಾಗ ಸ್ಕೇಲ್ ಹಿಡದು ನೋಡೇನಿ. ನನಗ ನಾಲ್ಕು ಮೊಳ ಬೇಕಂದ್ರ ಇವರಿಗೆ ಐದು ಅಂತೇನಿ. ಬರೋಬ್ಬರಿ ಆಗತೈತಿ."

ಹೊಸ್ತಿಲಾಚೆ ಪದ್ಮಾಬಾಯಿ ಬೆರಳು ಮಡಚಿ ಎಣಿಸತೊಡಗಿದ್ದರು. "ನಮ್ಮ ದೇವರ ಮಾಲಿ ಪಾದಕ್ಕ ಮುಟ್ಟಲಾರದ ಮೊಣಕಾಲಿಗೇ ಯಾಕ ನಿಲ್ತದ ಅಂತ ಈಗ ತಿಳೀತು ನೋಡು," ಎಂದರು.

ಮೂರು ಜನ ಹೆಂಗಸರು ನನ್ನ ಬಲಗೈಯನ್ನೇ ನೋಡುತ್ತಿದ್ದರು. ಅದನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಚಳಿಗೆ ಕೈಯೂ ಕುಗ್ಗಿದೆ ಎನ್ನಬಹುದಿತ್ತು. ಎನ್ನಲಿಲ್ಲ. ಕೈ ಎಲ್ಲರ ಕೈಯಷ್ಟೇ ಉದ್ದವಿದೆ. ಮೊಳ ಹಾಕುವಾಗ ಬೆರಳು ಮಡಚಿಕೊಳ್ಳುತ್ತೇನೆ. ಅಂಗಡಿ ಇಟ್ಟ ಹೊಸತರಲ್ಲಿ ಬೇಕೆಂದೇ ಮಡಚುತ್ತಿದ್ದೆ, ಈಗ ಅವು ತಾವೇ ಮಡಚುತ್ತವೆ. ಹೆಂಡತಿಯ ಗೂಡಿಗೂ ಗಿರಾಕಿಯ ಮೊಳವನ್ನೇ ಹಾಕಿಬಿಟ್ಟಿದ್ದೆ. ಇಷ್ಟನ್ನೂ ಬಾಯಿಬಿಟ್ಟು ಹೇಳಿದೆ. ಪ್ರೊಸೆಸರಿನ ಬಗ್ಗೆ ಒಂದಕ್ಷರವನ್ನೂ ಓದಿಲ್ಲ ಎಂದೂ ಹೇಳಿದೆ.

"ಮತ್ತ ಆ ಹೆದ್ದಾರಿ?" ಎಂದಳು ಶೈಲಶ್ರೀ, ಮಾನಿಟರಿನಿಂದ ಕಣ್ಣು ತೆಗೆಯದೆ.

ಎಂಜಿನಿಯರು ಜೀಪಿನಲ್ಲಿ ಬಂದದ್ದು ಖರೆ. ರೋಡ್ ರೋಲರಿನ ಪೂಜೆಗೆ ಐದು ಮೊಳದ ಮಾಲೆ ಒಯ್ದಿದ್ದರು. ಅದು ರೋಲರಿನ ಮೂತಿಗೆ ಸಾಲಲಿಲ್ಲ. ಮಾಲೆಯನ್ನೂ ಟೇಪನ್ನೂ ಹಿಡಿದುಕೊಂಡು ಅವರು ತಿರುಗಿ ಬಂದರು, ಬಸ್‌ಸ್ಟ್ಯಾಂಡಿನ ಜನರೆದುರೇ ಅಳೆದು ತೋರಿಸಿದರು, ಕಡಿಮೆ ಬಿದ್ದ ಒಂದು ಮೊಳವನ್ನು ನಿಂತು ಕಟ್ಟಿಸಿಕೊಂಡು ಹೋದರು.