ನೇರ ದಾರಿಯ ಬೆಲೆ

ಮಾನ್ಯ ವಾಚಕ ಮಹಾಶಯರೇ, ಈ ವೃತ್ತಾಂತದಲ್ಲಿ ವೀರರನ್ನಾಗಲಿ ವಿಸ್ಮಯಗಳನ್ನಾಗಲಿ ಅಪೇಕ್ಷಿಸಬಾರದೆಂದು ವಿನಂತಿ. ಇಲ್ಲಿರುವುದು ರಕ್ತ ಹರಿಯುತ್ತಿದ್ದ ಒಬ್ಬ ಬಾಣಂತಿ ಮತ್ತು ತಪ್ಪಾದ ಒಂದು ಅಂಕಿ.

ನಾಪೋ ನದಿಯ ದಡದ ಪುಕಾಯಾಕು ಎಂಬ ಊರಿಗೆ ಎರಿಬೆರ್ತೊ ಅಪು, ಅಂದರೆ ಯಜಮಾನ. ಅವನ ಮಗಳು ನೆಲಿದಾ ಅಲ್ಲಿನ ಆರೋಗ್ಯಕೇಂದ್ರದಲ್ಲಿ ಹೆತ್ತಿದ್ದಳು. ಮಗು ಅಳುತ್ತಿತ್ತು, ತಾಯಿಯ ರಕ್ತ ನಿಲ್ಲುತ್ತಿರಲಿಲ್ಲ. ಪಟ್ಟಣದ ವೈದ್ಯೆಯ ದನಿ ಊರಿನ ರೇಡಿಯೋ ಗೋಪುರದ ಮೂಲಕ ಚೂರುಚೂರಾಗಿ ಬರುತ್ತಿತ್ತು.

“ಮುಷ್ಟಿ... ಒಳಗೆ... ಬೇಡಿ...”

“ಒಳಗಿಡಬೇಕಾ, ಬೇಡ್ವಾ? ಸರಿಯಾಗಿ ಹೇಳಿ ತಾಯಿ!” ನರ್ಸ್ ರೊಸೌರಾ ಕಿರುಚಿದಳು.

ಗೋಪುರಗಳನ್ನು ರಿಪೇರಿ ಮಾಡುತ್ತ ನದಿಯುದ್ದಕ್ಕೂ ಅಲೆಯುವ ನಾನು, ಮಾತು ಹೋಗುವ ದಾರಿಯನ್ನು ಆರಿಸುವ ಯಂತ್ರದ ಲೆಕ್ಕವನ್ನು ತೆರೆದೆ. ಪಟ್ಟಣಕ್ಕೆ ಎರಡು ದಾರಿ: ಕಾಡಿನ ಮೇಲಿಂದ ಒಂದೇ ಉದ್ದನೆಯ ಜಿಗಿತ; ಇಲ್ಲವೇ ಪಕ್ಕದ ಲಗಾರ್ತೊಕೋಚದ ಗೋಪುರವನ್ನು ಮೆಟ್ಟಿ ಮೂರು ಗಿಡ್ಡ ಜಿಗಿತ. ಪ್ರತಿ ಜಿಗಿತಕ್ಕೂ ಒಂದು ಬೆಲೆ. ಯಂತ್ರ ಬೆಲೆಗಳನ್ನು ಕೂಡಿಸಿ ಕಡಿಮೆ ಮೊತ್ತದ ದಾರಿ ಹಿಡಿಯುತ್ತದೆ. ಇಂಥ ಮಳೆಯಲ್ಲಿ ಅರ್ಧ ಮಾತು ಕಳೆಯುವ ಉದ್ದನೆಯ ಜಿಗಿತಕ್ಕೆ ದುಬಾರಿ ಬೆಲೆ ಬೀಳಬೇಕಿತ್ತು. ಆದರೆ ಅಳತೆಯನ್ನೇ ನಿಲ್ಲಿಸಿ, ಯಾರೋ ಅದಕ್ಕೆ ಕೈಯಾರೆ ಅತಿ ಅಗ್ಗದ ಬೆಲೆ ‘ಒಂದು’ ಎಂದು ಬರೆದಿದ್ದರು.

“ಇದನ್ನ ಯಾರು ಬರೆಸಿದ್ದು?”

“ಸಭೆ,” ಅಂದ ಅಪು. “ನಮ್ಮ ಕೆರೆ ಮೀನು ಕದ್ದೋರ ಊರಿನ ಮೇಲೆ ನಮ್ಮ ಮಾತು ಹಾಯಬಾರ್ದು ಅಂತ. ಊರೆಲ್ಲ ಸೇರಿ ಮಿಂಗಾ ಮಾಡಿ, ಕೂಲಿ ಇಲ್ದೆ ದುಡಿದು ಎತ್ತಿದ ಗೋಪುರ ನಮ್ದು.”

“ಅಪೂ, ಯಂತ್ರಕ್ಕೆ ಮಳೆ ಕಾಣಲ್ಲ. ನೀವು ಬರೆಸಿದ್ದಷ್ಟೇ ಕಾಣೋದು. ಅಳಿಸ್ಲಾ?”

ಅವನು ಮಂಚದ ಕೆಳಗೆ ರಕ್ತ ತುಂಬುತ್ತಿದ್ದ ಬೋಗುಣಿಯನ್ನು ನೋಡಿದ. “ಅಳಿಸೋ ಮಾರಾಯ! ಕೇಳ್ತಾ ನಿಂತಿದೀಯಲ್ಲ!”

ಅಳಿಸಿದೆ. ಯಂತ್ರ ಮತ್ತೆ ಅಳೆಯತೊಡಗಿತು. ನೇರ ದಾರಿಯ ಬೆಲೆ ಏರಿ, ಏರಿ, ನೆರೆಯೂರಿನ ಮೊತ್ತವನ್ನು ದಾಟಿದೊಡನೆ ಮಾತು ಮಗ್ಗುಲು ಬದಲಿಸಿತು.

“ಮುಷ್ಟಿ ಒಳಗಿಟ್ಟು, ಇನ್ನೊಂದು ಕೈಯಲ್ಲಿ ಹೊಟ್ಟೆ ಮೇಲಿಂದ ಒತ್ತಿ. ನಾನು ಹೇಳೋವರೆಗೂ ತೆಗೀಬೇಡಿ!” ವೈದ್ಯೆಯ ದನಿ ಇಡಿಯಾಗಿ ಬಂತು.

ರೊಸೌರಾ ಒತ್ತಿದಳು. ಅಷ್ಟರಲ್ಲಿ, ನೆರೆಯೂರಿನವರೆಗಷ್ಟೇ ಕೇಳುವ ಕೈರೇಡಿಯೋ ಗೊರಗುಟ್ಟಿತು. ಲಗಾರ್ತೊಕೋಚದ ಯಜಮಾನಿ ಸೊಯ್ಲಾ.

“ಏನಪ್ಪಾ ನೆಂಟ, ಕೊನೆಗೂ ಮೀನುಗಳ್ಳರ ಬಾಗಿಲಿಗೇ ಬಂತಾ ನಿಮ್ಮ ಮಾತು? ಹೋಗ್ಲಿ ಬಿಡು, ನಾನೇನೂ ತಡೆಯಲ್ಲ. ಆದ್ರೆ ಬಿಸಿಲೇ ಇಲ್ದೆ ನಮ್ಮ ಗೋಪುರದ ಬ್ಯಾಟರಿ ಸಾಯ್ತಾ ಇದೆ. ಸಂಜೆವರೆಗೂ ಬಾಳಲ್ಲ.”

ಅಪು ಮಳೆಯಲ್ಲೇ ಓಡಿ, ಮನೆಯ ಟಿವಿಯ ಬ್ಯಾಟರಿಯನ್ನು ಎದೆಗವಚಿಕೊಂಡು ಬಂದ.

“ಆ ದಡ ತುಳಿದು ಎಷ್ಟು ವರ್ಷ ಆಯ್ತೋ. ಕಲ್ಲು ಹೊಡೆದ್ರೆ ಹೊಡೀಲಿ. ಹೊರಡು!”

ನೆಲಿದಾಳ ತುಟಿ ಬೆಳ್ಳಗಾಗಿತ್ತು. ರೊಸೌರಾಳ ಕೈ ಒತ್ತಿದ ಜಾಗದಿಂದ ಕದಲಿರಲಿಲ್ಲ. ನಾನು ಇಕ್ಕಳವನ್ನೂ ತಂತಿಗಳನ್ನೂ ಚೀಲಕ್ಕೆ ತುರುಕಿ, ಬ್ಯಾಟರಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ದೋಣಿಗಿಳಿದೆ. ಅಪು ಮೋಟಾರಿನ ಹಗ್ಗ ಎಳೆದ.