ಜಗಳವಿಲ್ಲದ ವಿಚ್ಛೇದನ

ಸುಮಿತ್ರಾ ಮತ್ತು ಬಾಲಚಂದ್ರ ಬೇರೆಯಾಗಲು ಒಪ್ಪಿಕೊಂಡದ್ದು ವಿಜಯವಾಡ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಇಪ್ಪತ್ತು ನಿಮಿಷದಲ್ಲಿ. ರೈಲು ಇಪ್ಪತ್ತು ನಿಮಿಷ ತಡವಾಗಿತ್ತು. ಅಷ್ಟೇ ಸಮಯ ಸಿಕ್ಕಿತು, ಅಷ್ಟೇ ಸಾಕಾಯಿತು. ಮಗಳು ಚಂಪಾ ತಾಯಿಯ ಜೊತೆ ವಿಶಾಖಪಟ್ಟಣದಲ್ಲಿರುವುದು, ತಂದೆ ಬಂದು ನೋಡುವುದು, ಒಬ್ಬರನ್ನೊಬ್ಬರು ಏನೂ ಕೇಳದಿರುವುದು. ಇಬ್ಬರೂ ಒಂದೇ ಬ್ಯಾಂಕಿನವರು, ಇಬ್ಬರಿಗೂ ಸಂಬಳವಿತ್ತು. ಆಮೇಲೆ ಇದನ್ನು ಜಗಳವಿಲ್ಲದೆ ಮುಗಿಸಿಕೊಡುತ್ತೇವೆಂದು ಮೂವರು ವಿದ್ಯಾವಂತರು ಮುಂದೆ ಬಂದರು. ಹಾಗಾಗಿ ಎರಡು ವರ್ಷ ಹಿಡಿಯಿತು.

ಬಾಲಚಂದ್ರ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಧಾರವಾಡದ ತವರಿಗೆ ಕಾರಣ ಹೇಳುವುದು ಸುಲಭವಾಗುತ್ತಿತ್ತು. ವಿಜಯವಾಡದ ಗವರ್ನರ್‌ಪೇಟೆ ಶಾಖೆಯಲ್ಲಿ ಸಗಟು ವ್ಯಾಪಾರಿಗಳು ಕೊಟ್ಟ ಒಂದೊಂದು ಕಾಗದವನ್ನೂ ಮೂರು ಸಲ ಓದುವ ಮನುಷ್ಯ, ಮನೆಯ ವಿಷಯವಾದರೆ ಎಲ್ಲಿ ಸಹಿ ಎಂದಷ್ಟೇ ಕೇಳುತ್ತಿದ್ದ. ಯಾವ ಮನೆ ಹಿಡಿಯೋಣ, ಮಗುವನ್ನು ಯಾವ ಶಾಲೆಗೆ ಸೇರಿಸೋಣ, ಉಪ್ಪಿಟ್ಟೋ ಅವಲಕ್ಕಿಯೋ, ಎಲ್ಲಕ್ಕೂ ಅವನದು ಒಂದೇ ಉತ್ತರ: "ನಿಂಗೆ ಹೇಗೆ ಅನ್ಸುತ್ತೋ ಹಾಗೆ." ಒಂಬತ್ತು ವರ್ಷ ಒಬ್ಬಳೇ ಇಬ್ಬರ ಪರವಾಗಿ ಯೋಚಿಸಿ ಸುಮಿತ್ರಾಗೆ ಸಾಕಾಗಿತ್ತು. ವರ್ಗ ಕೇಳಿ ಮಗಳೊಂದಿಗೆ ವಿಶಾಖಪಟ್ಟಣಕ್ಕೆ ಬಂದಳು. ವರ್ಷ ಕಳೆದ ಮೇಲೆ ಇಬ್ಬರೂ ಒಟ್ಟಿಗೆ ಅರ್ಜಿ ಹಾಕಬಹುದು, ಅರ್ಜಿ ಹಾಕಿ ಆರು ತಿಂಗಳಾದ ಮೇಲೆ ಮತ್ತೆ ಕೋರ್ಟಿಗೆ ಹೋಗಿ ಹೌದು ಎಂದರೆ ಮುಗಿಯಿತು, ಆದರೆ ಹದಿನೆಂಟು ತಿಂಗಳು ದಾಟಿದರೆ ಎಲ್ಲವೂ ಮೊದಲಿನಿಂದ. ಇಷ್ಟನ್ನು ಅವಳು ತಾನೇ ಓದಿ ತಿಳಿದುಕೊಂಡಿದ್ದಳು.

ಮೊದಲು ಮುಂದೆ ಬಂದವರು ಗೋಪಾಲಕೃಷ್ಣ ಭಟ್ಟರು. ಉಡುಪಿ ಕಡೆಯವರು, ಬ್ಯಾಂಕಿನ ವಿಶಾಖಪಟ್ಟಣ ವಲಯ ಕಚೇರಿಯಲ್ಲಿ ಸಿಬ್ಬಂದಿ ವಿಭಾಗದ ಅಧಿಕಾರಿ, ಕನ್ನಡ ಸಂಘದ ಕಾರ್ಯದರ್ಶಿ. ಯುಗಾದಿ ಊಟದ ಸಾಲಿನಲ್ಲಿ ಸುದ್ದಿ ಕೇಳಿ, ಹೋಳಿಗೆಯ ಮೇಲೆ ತುಪ್ಪ ಬೀಳುವ ಮೊದಲೇ ತೀರ್ಮಾನ ಮಾಡಿದರು.

"ನಮ್ಮ ಜನ ಕೋರ್ಟಿನ ಜಗಲಿಯಲ್ಲಿ ಬೊಬ್ಬೆ ಹಾಕುವುದು ಬೇಡ ಮಾರಾಯ್ರೆ. ತಿಳಿದವರು ನಾಲ್ಕು ಜನ ಕೂತು ಮಾಡುವ."

"ನಾವು ಬೊಬ್ಬೆ ಹಾಕಂಗಿಲ್ರಿ ಭಟ್ರ," ಎಂದಳು ಸುಮಿತ್ರಾ. "ಇಬ್ರೂ ಒಪ್ಪೇವಿ."

"ಅದಕ್ಕೇ ಹೇಳುವುದು. ಒಪ್ಪಿದವರಿಗೇ ತಜ್ಞರು ಬೇಕಾಗುವುದು."

ಪಕ್ಕದ ಎಲೆಯಲ್ಲಿದ್ದ ಸರ್ಜನ್ ಕಮಾಂಡರ್ ಜಯದೇವ ತಲೆಯಾಡಿಸಿದರು. ದಾವಣಗೆರೆಯವರು, ನೌಕಾಪಡೆಯ ಆಸ್ಪತ್ರೆಯಲ್ಲಿ ಮನೋವೈದ್ಯರು. ಅಮೆರಿಕದಲ್ಲಿ ಈಗ ವಕೀಲರು, ವೈದ್ಯರು, ಎಲ್ಲ ಒಂದೇ ಮೇಜಿಗೆ ಕೂತು ಗಂಡಹೆಂಡಿರನ್ನು ಸ್ನೇಹದಿಂದ ಬೇರೆ ಮಾಡುತ್ತಾರಂತೆ ಎಂದು ಎಲ್ಲೋ ಓದಿದ್ದರು. ವಕೀಲರೂ ಸಿಕ್ಕರು: ವೆಂಕಟರಮಣ, ವಿಶಾಖಪಟ್ಟಣದವರೇ, ತೆಲುಗರು. ಬಳ್ಳಾರಿಯಲ್ಲಿ ಎರಡು ವರ್ಷ ಓದಿದ್ದರಿಂದ ತಮಗೆ ಕನ್ನಡ ಬರುತ್ತದೆಂದು ನಂಬಿದ್ದರು.

ಭಟ್ಟರ ಮನೆಯ ಮೊದಲ ಸಭೆಯಲ್ಲಿ ಎರಡು ನಿಯಮಗಳಾದವು. ಒಂದು: ಗಂಡಹೆಂಡತಿ ಈ ವಿಷಯವನ್ನು ತಮ್ಮತಮ್ಮಲ್ಲಿ ಮಾತಾಡಬಾರದು, ಮಾತಾಡಿದರೆ ಜಗಳವಾಗುತ್ತದೆ. ಎರಡು: ಒಬ್ಬ ತಜ್ಞರ ಕ್ಷೇತ್ರಕ್ಕೆ ಇನ್ನೊಬ್ಬರು ಕಾಲಿಡಬಾರದು, ಇಟ್ಟರೂ ಜಗಳವಾಗುತ್ತದೆ. ಎರಡನೆಯದನ್ನು ಸೂಚಿಸಿದ್ದು ಡಾಕ್ಟರು. ಹಡಗಿನಲ್ಲಿ ಎಂಜಿನ್ನಿನವನು ಚುಕ್ಕಾಣಿ ಮುಟ್ಟುವುದಿಲ್ಲ ಎಂದು ಅವರು ವಿವರಿಸಿದಾಗ ಎಲ್ಲರೂ ಮೆಚ್ಚಿಕೊಂಡರು. ಬಾಲಚಂದ್ರ ಎಲ್ಲಿ ಸಹಿ ಎಂದು ಕೇಳಿದ.

ತೊಂಬತ್ತನಾಲ್ಕರ ಫೆಬ್ರವರಿಯಲ್ಲಿ ಅರ್ಜಿ ಬಿತ್ತು. ಆಗಸ್ಟಿನಲ್ಲಿ ಮುಗಿಸಬಹುದಿತ್ತು. ಆದರೆ ವೆಂಕಟರಮಣರ ಒಪ್ಪಂದಪತ್ರ ಬೆಳೆಯುತ್ತಾ ಹೋಯಿತು. ಒಂಬತ್ತನೆಯ ಪುಟದಲ್ಲಿ, ಮೂರನೇ ಕ್ಲಾಸಿನಲ್ಲಿದ್ದ ಚಂಪಾಳ ಮದುವೆಯಲ್ಲಿ ಧಾರೆ ಎರೆಯುವವರು ಯಾರು ಎಂಬ ಪ್ರಶ್ನೆ ಎದ್ದು ಮೂರು ಭಾನುವಾರಗಳನ್ನು ತಿಂದಿತು.

"ಅವಳಿಗೆ ಇನ್ನೂ ಹಾಲ್ಹಲ್ಲು ಬೀಳ್ಲಿಕತ್ತಾವ್ರಿ," ಎಂದಳು ಸುಮಿತ್ರಾ.

"ಅಮ್ಮಾ, ಕಾನೂನು ಮುಂದಿನದು ನೋಡತದೆ," ಎಂದರು ವೆಂಕಟರಮಣ. "ನಾಳೆ ಮಂಟಪದಲ್ಲಿ ಪುರೋಹಿತ ಕೇಳತಾನೆ, ಯಾರಂಡಿ ಕೊಡೋದು ಅಂತ. ಆಗ ನೀವು ನನ್ನ ಬೈತೀರಿ."

ಡಾಕ್ಟರು ಮಗುವನ್ನು ಎಲ್ಲ ರಜೆಗಳಲ್ಲೂ ಗಮನಿಸದೆ ವರದಿ ಕೊಡಲು ಒಪ್ಪಲಿಲ್ಲ. ದಸರಾ ಆಯಿತು, ಸಂಕ್ರಾಂತಿ ಆಯಿತು. ಬೇಸಿಗೆಯ ಎರಡು ತಿಂಗಳು ಅವರೇ ಸಮುದ್ರಕ್ಕೆ ಹೋದರು. ಬಂದು, ಚಂಪಾಳ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ನಿನ್ನ ಮನೆ ಬರೆ ಎಂದರು. ಅವಳು ಹಡಗು ಬರೆದಳು. ಆ ಊರಿನ ಮಕ್ಕಳು ಏನು ಬರೆ ಎಂದರೂ ಹಡಗನ್ನೇ ಬರೆಯುತ್ತಾರೆ. ಡಾಕ್ಟರು ಚಿತ್ರವನ್ನು ಬಹಳ ಹೊತ್ತು ನೋಡಿ, ಹೊಗೆಕೊಳವೆ ಸರಿಯಾದ ಜಾಗದಲ್ಲಿದೆ ಎಂದರು. ಆಮೇಲೆ ವೃತ್ತಿ ನೆನಪಾಗಿ, ಮಗು ಲಂಗರು ಹುಡುಕುತ್ತಿದೆ ಎಂದರು. ತಂದೆ ತಿಂಗಳಿಗೊಮ್ಮೆ ಬಂದುಹೋದರೆ ಸಾಲದು, ಇದೇ ಊರಿನಲ್ಲಿರಬೇಕು ಎಂದು ವರದಿಯಾಯಿತು.

"ಅದ ಪ್ಲಾಟ್‌ಫಾರ್ಮಿನ್ಯಾಗ ನಾವೂ ಅಂದಿದ್ವಿ, ಬಂದು ನೋಡ್ಲಿ ಅಂತ," ಎಂದಳು ಸುಮಿತ್ರಾ.

"ನೋಡಿ, ನಿಮ್ಮಲ್ಲಿ ಸಿಟ್ಟಿದೆ."

"ಇಲ್ರಿ ಡಾಕ್ಟರ್."

"ಅದೇ. ನೀವು ಅದನ್ನ ಒಪ್ಕೊಳ್ತಾ ಇಲ್ಲ."

"ಇಲ್ಲೀತನಕ ಇದ್ದಿದ್ದಿಲ್ರಿ. ಈಗ ಬರ್ಲಿಕತ್ತದ."

ಡಾಕ್ಟರು ಸಮಾಧಾನದಿಂದ ಅದನ್ನು ಬರೆದುಕೊಂಡರು.

ಬಾಲಚಂದ್ರನನ್ನು ವಿಜಯವಾಡದಿಂದ ಇಲ್ಲಿಗೆ ತರುವ ಕೆಲಸ ಭಟ್ಟರದಾಯಿತು. ಅದು ಅವರ ಕ್ಷೇತ್ರ. ಬೇರೆ ಯಾರೂ ಕಾಲಿಡಲಿಲ್ಲ. ಎರಡನೆಯ ನಿಯಮ ಅದೊಂದು ಸಲ ಚೆನ್ನಾಗಿ ಕೆಲಸ ಮಾಡಿತು.

ಒಪ್ಪಂದಪತ್ರ ಇಪ್ಪತ್ತೆರಡನೆಯ ಪುಟಕ್ಕೆ ಮುಗಿದು, ಕೋರ್ಟಿನ ತಾರೀಖು ಸಿಕ್ಕಿದ್ದು ತೊಂಬತ್ತೈದರ ಆಗಸ್ಟ್ ಹತ್ತಕ್ಕೆ. ಹದಿನೆಂಟು ತಿಂಗಳು ತುಂಬಲು ಅಲ್ಲಿಂದ ಒಂದು ವಾರ ಬಾಕಿ. ಅವತ್ತು ಆಗದಿದ್ದರೆ ಮತ್ತೆ ಅರ್ಜಿ, ಮತ್ತೆ ಸಭೆ, ಮತ್ತೆ ಧಾರೆ. ಸುಮಿತ್ರಾ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿಲ್ಲ, ಬೇಕಾಗಿರಲಿಲ್ಲ.

ಒಂಬತ್ತನೆಯ ತಾರೀಖು ಬೆಳಗ್ಗೆ ಅವಳು ದ್ವಾರಕಾನಗರದ ತನ್ನ ಶಾಖೆಗೆ ಬಂದರೆ, ಅವಳ ಕೌಂಟರಿನ ಮೇಲೆ ಮಲ್ಲಿಗೆಯ ಮಾಲೆ. ಕ್ಯಾಷಿಯರ್ ಗಂಗಾಭವಾನಿ ಓಡಿಬಂದು ಎರಡೂ ಕೈ ಹಿಡಿದಳು.

"ಮೇಡಂ! ಸಾರ್ ವಚ್ಚೇಸ್ತುನ್ನಾರಂಟ ಕದಾ! ಇಲ್ಲಿಗೇ ಬರ್ತಾರಂತೆ! ನಮಗೆ ಒಂದು ಮಾತು ಹೇಳಲೇ ಇಲ್ಲ. ಸ್ವೀಟ್ಸ್ ಎಲ್ಲಿ?"

ಮ್ಯಾನೇಜರ್ ಆದೇಶದ ಪ್ರತಿಯನ್ನು ತಾವೇ ತಂದುಕೊಟ್ಟರು. ಅಧಿಕಾರಿ ಬಾಲಚಂದ್ರ ಅವರನ್ನು, ಅವರ ಕೋರಿಕೆಯ ಮೇರೆಗೆ, ಪತ್ನಿ ಶ್ರೀಮತಿ ಸುಮಿತ್ರಾ ಅವರೊಂದಿಗೆ ಒಂದೇ ಮನೆಯಲ್ಲಿ ಸಂಸಾರ ನಡೆಸಲು ಅನುಕೂಲವಾಗುವಂತೆ ವಿಶಾಖಪಟ್ಟಣಕ್ಕೆ ವರ್ಗಾಯಿಸಲಾಗಿದೆ. ಹದಿನಾಲ್ಕರಂದು ಹಾಜರಾಗತಕ್ಕದ್ದು. ಸುಮಿತ್ರಾ ಎರಡು ಸಲ ಓದಿದಳು. ಎರಡನೆಯ ಸಲವೂ ಅಷ್ಟೇ ಇತ್ತು. ಮಧ್ಯಾಹ್ನ ಅವಳು ಇಡೀ ಶಾಖೆಗೆ ಕಾಜಾ ಸಿಹಿ ತರಿಸಬೇಕಾಯಿತು, ತರಿಸದಿದ್ದರೆ ಕಾರಣ ಹೇಳಬೇಕಾಗಿತ್ತು.

ಮರುದಿನ ಹತ್ತು ಗಂಟೆಗೆ ಕೋರ್ಟಿನ ಹೊರಗಿನ ಮರದಡಿ ಎಲ್ಲರೂ ಸೇರಿದಾಗ ಅವಳು ಆದೇಶವನ್ನು ಭಟ್ಟರ ಕೈಗಿಟ್ಟಳು. ಭಟ್ಟರ ಮುಖ ಅರಳಿತು.

"ಬಂತಾ! ನಾನು ಹೇಳಿರಲಿಲ್ಲವಾ!"

"ಇದನ್ನ ಬರದವ್ರು ಯಾರ್ರಿ?"

"ಕೋರಿಕೆ ಬರೆದದ್ದು ನಾನೇ. ಸಹಿ ಅವರದ್ದು. ಎಂತ ತಪ್ಪುಂಟು? ಮಗಳನ್ನು ನೋಡಬೇಕು ಅಂತ ಬರೆದರೆ ಫೈಲು ಏಳುವುದೇ ಇಲ್ಲ. ಇಪ್ಪತ್ತು ವರ್ಷದಿಂದ ನೋಡಿದ್ದೇನೆ, ಹೆಂಡತಿಯ ಕಾಲಂ ಒಂದೇ ಓಡುವುದು."

ವೆಂಕಟರಮಣ ಕಾಗದ ಕಿತ್ತುಕೊಂಡು ಓದಿದರು. ಕನ್ನಡ ಮರೆತುಹೋಗಿ ಸ್ವಲ್ಪ ಹೊತ್ತು ತೆಲುಗಿನಲ್ಲಿ ಭಟ್ಟರ ವಂಶವನ್ನು ವಿಚಾರಿಸಿದರು. ಆಮೇಲೆ ಬಾಲಚಂದ್ರನ ಕಡೆ ತಿರುಗಿದರು.

"ಬಾಬು, ಕೋರ್ಟಿಗೆ ಸಹಿ ಮಾಡಿ ಕೊಟ್ಟಿದ್ದೀರಿ, ಈಕೆ ಜೊತೆ ಬಾಳೋದು ಸಾಧ್ಯವೇ ಇಲ್ಲ ಅಂತ. ಬ್ಯಾಂಕಿಗೆ ಸಹಿ ಮಾಡಿ ಕೊಟ್ಟಿದ್ದೀರಿ, ಈಕೆ ಜೊತೆ ಬಾಳಬೇಕು ಅಂತ. ಎರಡನ್ನೂ ಓದಿದ್ದೀರಾ?"

ಬಾಲಚಂದ್ರ ಚಪ್ಪಲಿ ನೋಡಿಕೊಂಡ. "ತಜ್ಞರು ಬರೆದದ್ದು ಅಂತ..."

"ಜಡ್ಜಿ ಗಾರು ಇದನ್ನ ನೋಡಿದರೆ, ಇವರು ರಾಜಿ ಆಗಿದ್ದಾರೆ, ವಿಚಾರಣೆ ಮಾಡೋಣ ಅಂತ ಮುಂದಿನ ತಿಂಗಳಿಗೆ ಹಾಕತಾರೆ. ಹದಿನೆಂಟು ತಿಂಗಳು ಗೋವಿಂದ!"

"ಯಾರು ತೋರಿಸುತ್ತಾರೆ?" ಎಂದರು ಭಟ್ಟರು. "ಬ್ಯಾಂಕಿನ ಕಾಗದ ಬ್ಯಾಂಕಿನಲ್ಲಿ, ಕೋರ್ಟಿನದ್ದು ಕೋರ್ಟಿನಲ್ಲಿ. ನಿಮ್ಮ ಬಾಯಿ ಮುಚ್ಚಿ ಕೂತರೆ ಆಯ್ತು."

"ನನ್ನ ಬಾಯಿ? ನನ್ನ ಕೇಳದೆ ಬರೆದವರು ಯಾರು?"

"ವರ್ಗಾವಣೆ ನಿಮ್ಮ ಕ್ಷೇತ್ರವಾ?"

ಜಯದೇವ ನಡುವೆ ಬಂದರು. "ಜೆಂಟಲ್‌ಮೆನ್, ಇದು ಅವಸರದ ನಿರ್ಧಾರ ಬೇಡ. ಇವತ್ತು ಮುಂದೂಡೋಣ. ಮೊದಲಿನಿಂದ ಶುರು ಮಾಡಿದರೂ ನಷ್ಟವಿಲ್ಲ. ಮಗುವಿನ ಬೇಸಿಗೆ ರಜೆ ನಾನು ಗಮನಿಸೇ ಇಲ್ಲ."

ಮೂವರೂ ಏರಿದ ದನಿಯಲ್ಲಿ ಜಗಳವಾಡತೊಡಗಿದರು. ಪಕ್ಕದಲ್ಲಿ ನಿಜವಾಗಿಯೇ ಆಸ್ತಿಗಾಗಿ ಹೊಡೆದಾಡುತ್ತಿದ್ದ ಎರಡು ಕುಟುಂಬದವರು ತಮ್ಮ ಕೆಲಸ ನಿಲ್ಲಿಸಿ ಇವರನ್ನು ನೋಡಿದರು.

"ನಿಮಗ ಏನನಸ್ತದ್ರಿ?" ಸುಮಿತ್ರಾ ಗಂಡನನ್ನು ಕೇಳಿದಳು. ಎರಡು ವರ್ಷದಲ್ಲಿ ನೇರವಾಗಿ ಕೇಳಿದ ಮೊದಲ ಪ್ರಶ್ನೆ.

ಬಾಲಚಂದ್ರ ಮೂವರನ್ನೂ ನೋಡಿದ. "ಇವರಿಗೆಲ್ಲ ಹೇಗೆ ಅನ್ಸುತ್ತೋ..."

ಅವಳು ವಕೀಲರ ಕೈಯಿಂದ ಆದೇಶವನ್ನು ತೆಗೆದುಕೊಂಡು ಒಳಗೆ ಹೋದಳು.

ನ್ಯಾಯಾಧೀಶರು ವಯಸ್ಸಾದವರು, ಆ ದಿನದ ಪಟ್ಟಿ ಉದ್ದವಿತ್ತು. ಇವರ ಸರದಿ ಬಂದಾಗ ಕನ್ನಡಕ ಏರಿಸಿ ತೆಲುಗಿನಲ್ಲಿ, ಇನ್ನೂ ಇದೇ ನಿಮ್ಮ ಮನಸ್ಸೇ, ನಡುವೆ ಒಟ್ಟಿಗೆ ವಾಸ ಮಾಡಿದ್ದೀರಾ ಎಂದು ಕೇಳಿದರು. ಇಲ್ಲ ಎಂದಳು ಸುಮಿತ್ರಾ. ವೆಂಕಟರಮಣ ಕೈ ಅಡ್ಡ ಹಿಡಿದು ನಿಲ್ಲಿಸುವ ಮೊದಲೇ ವರ್ಗದ ಆದೇಶವನ್ನು ಗುಮಾಸ್ತರ ಮೇಜಿನ ಮೇಲಿಟ್ಟಳು.

"ಇದು ನಿನ್ನೆ ಬಂದದ್ದು. ಯಾರಾದರೂ ಆಮೇಲೆ ತೋರಿಸಿ ಇವತ್ತಿನ ತೀರ್ಪನ್ನು ಅಳಿಸಿಹಾಕುವುದು ಬೇಡ. ನಾನು ಕೇಳಿದ್ದಲ್ಲ."

ನ್ಯಾಯಾಧೀಶರು ಓದಿದರು. ಹಿಂದಿನ ಬೆಂಚಿನಲ್ಲಿ ಭಟ್ಟರು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು.

"ಈ ಕೋರಿಕೆಗೆ ಸಹಿ ಮಾಡಿದವರು ನೀವೇ?"

"ಹೌದು ಸಾರ್," ಎಂದ ಬಾಲಚಂದ್ರ.

"ಅರ್ಜಿಯ ಸಹಿ?"

"ಅದೂ ನಂದೇ."

"ಎರಡರಲ್ಲಿ ನಿಮ್ಮ ಮಾತು ಯಾವುದು?"

ಬಾಲಚಂದ್ರ ವಕೀಲರ ಕಡೆ ನೋಡಿದ. ಡಾಕ್ಟರ ಕಡೆ ನೋಡಿದ. ಭಟ್ಟರ ಕಡೆ ನೋಡಿದ.

"ಅಲ್ಲಲ್ಲ ನೋಡೋದು. ಇಲ್ಲಿ," ಎಂದರು ನ್ಯಾಯಾಧೀಶರು. "ಈಕೆ ಜೊತೆ ಸಂಸಾರ ಮಾಡಬೇಕೆಂದಿದ್ದರೆ ಈಗಲೇ ಹೇಳಿ. ನಾನು ಬಿಡಿಸುವುದಿಲ್ಲ."

ಸುಮಿತ್ರಾ ಲೆಕ್ಕ ಹಾಕಿದಳು. ಈ ಮನುಷ್ಯ ಈಗ 'ನಿಮಗೆ ಹೇಗೆ ಅನ್ಸುತ್ತೋ ಹಾಗೆ' ಎಂದರೆ ಅಲ್ಲಿಗೆ ಮುಗಿಯಿತು. ನ್ಯಾಯಾಧೀಶರಿಗೆ ಯಾವತ್ತೂ ರಾಜಿಯೇ ಚೆನ್ನಾಗಿ ಅನಿಸುತ್ತದೆ.

"ಸಾರ್," ಎಂದ ಬಾಲಚಂದ್ರ. "ನಾನು ಮಗಳ ಹತ್ತಿರ ಇರಬೇಕು. ಇವರ ಜೊತೆ ಅಲ್ಲ. ಇವರಿಗೆ ನನ್ನ ಜೊತೆ ಆಗಲ್ಲ, ಅದು ನನಗೂ ಗೊತ್ತು. ಬ್ಯಾಂಕಿಗೆ ಕೊಟ್ಟ ಕಾಗದ ಸುಳ್ಳು. ಓದದೆ ಸಹಿ ಹಾಕಿದೆ. ತಪ್ಪು ನಂದು, ಇವರದ್ದಲ್ಲ."

ನ್ಯಾಯಾಧೀಶರು ಅವನ ಕೈಗೇ ಆದೇಶವನ್ನು ವಾಪಸು ಕೊಟ್ಟರು. ಇಪ್ಪತ್ತೆರಡು ಪುಟದ ಒಪ್ಪಂದವನ್ನು ತಿರುವಿ, ಒಂದು ಕಡೆ ನಿಂತು, "ಧಾರೆ?" ಎಂದು ಹುಬ್ಬೇರಿಸಿ, ಮುಂದೆ ಓದಲಿಲ್ಲ. ವಿಚ್ಛೇದನ ಮಂಜೂರಾಯಿತು. ಎಲ್ಲ ಸೇರಿ ಹನ್ನೊಂದು ನಿಮಿಷ.

ಹೊರಗೆ ಮೂವರು ತಜ್ಞರು ಪರಸ್ಪರ ಕೈಕುಲುಕಿದರು. ಇಂಥ ಪ್ರಯೋಗ ಈ ಕರಾವಳಿಯಲ್ಲೇ ಮೊದಲು, ಇದರ ಬಗ್ಗೆ ಸಂಘದ ಸಂಚಿಕೆಯಲ್ಲಿ ಬರೆಯಬೇಕು ಎಂದರು ಡಾಕ್ಟರು. ಬಾಲಚಂದ್ರ ಆದೇಶವನ್ನು ನಾಲ್ಕಾಗಿ ಮಡಚಿ ಭಟ್ಟರ ಮುಂದೆ ಹಿಡಿದ.

"ಇದು ವಾಪಸ್ ಕೊಡ್ತೀನಿ. ಮಗಳು ಅಂತ ಬರೆದು ಹೊಸದಾಗಿ ಕೇಳ್ತೀನಿ."

"ಆ ಕಾಲಂ ಇಲ್ಲವೇ ಇಲ್ಲ ಮಾರಾಯ್ರೆ! ಎಲ್ಲಿ ಬರೆಯುತ್ತೀರಿ?"

"ಅಂಚಲ್ಲಿ ಬರೀತೀನಿ."

"ಅಂಚಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ. ವಿಜಯವಾಡದಲ್ಲೇ ಕೊಳೆಯುತ್ತೀರಿ."

"ಹಾಗಾದ್ರೆ ಪ್ರತಿ ಶನಿವಾರ ರಾತ್ರಿ ಹೊರಟು ಬರ್ತೀನಿ. ಸೋಮವಾರ ಬೆಳಗ್ಗೆ ಅಲ್ಲಿರ್ತೀನಿ."

ಭಟ್ಟರು ನೊಂದುಕೊಂಡರು. ಒಳ್ಳೆಯ ಆದೇಶವೊಂದು ಹೀಗೆ ಹಾಳಾಗುವುದನ್ನು ಅವರು ನೋಡಿರಲಿಲ್ಲ.

ಸುಮಿತ್ರಾ ಗೇಟಿನ ಹತ್ತಿರ ಆಟೋ ಕೈಮಾಡಿ ನಿಲ್ಲಿಸಿದ್ದವಳು ತಿರುಗಿ ಬಂದಳು. ಬೇಕಾದದ್ದು ಸಿಕ್ಕಿದ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ಯಾವ ವರದಿಯಲ್ಲೂ ಇರಲಿಲ್ಲ.

"ಅಲ್ರಿ, ಇಷ್ಟು ಮಾತು ಬರ್ತಿತ್ತೇನು ನಿಮಗ?"

ಬಾಲಚಂದ್ರ ಯೋಚಿಸಿದ. "ಹಾಗೆ ಯಾರೂ ಕೇಳಿರಲಿಲ್ಲ."

"ನಾ ಕೇಳಿದ್ದೆ. ಒಂಬತ್ತು ವರ್ಷ ದಿನಾ ಕೇಳಿದ್ದೆ."

"ಹೌದು," ಎಂದ ಅವನು. "ನೀನು ಕೇಳಿದ್ದೆ."

ಆಟೋದವನು ಹಾರನ್ ಹೊಡೆದ. ಅವಳು ಹಾಕಿದ್ದು ಅರ್ಧ ದಿನದ ರಜೆ. ಎರಡು ಗಂಟೆಗೆ ಕೌಂಟರಿನಲ್ಲಿರಬೇಕಿತ್ತು, ಸಾರ್ ಯಾವ ಮನೆ ನೋಡಿದರು ಎಂದು ಗಂಗಾಭವಾನಿ ಕೇಳುವವಳಿದ್ದಳು.

"ಶನಿವಾರ ಬರೂದಾದ್ರ ಶುಕ್ರವಾರನ ಫೋನ್ ಮಾಡ್ರಿ," ಎಂದಳು ಸುಮಿತ್ರಾ. "ನಂಗಲ್ಲ, ಚಂಪಾಗ. ಏನು ಬೇಕು, ಎಲ್ಲಿ ಹೋಗೂಣು ಅಂತ ನೀವ ಅಕೀನ್ನ ಕೇಳ್ರಿ."

ಆಟೋ ಹತ್ತಿ ದ್ವಾರಕಾನಗರ ಎಂದಳು.